ಅರ್ಧ ಎಕರೆಯಲ್ಲಿ ಬೀಜದಿಂದ ಹೂವು ಮತ್ತು ದವನ ಬೆಳೆದರೆ ಲಾಭವುಂಟೇ?

ಬೆಂಗಳೂರಿಗೆ ಹತ್ತಿರದಲ್ಲಿ ಅರ್ಧ ಎಕರೆ ಜಮೀನು ಮತ್ತು ಒಂದು ಕೊಳವೆಬಾವಿ ಇದೆ, ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಕಟ್ಟಿಸುವಷ್ಟು ಬಂಡವಾಳವಿಲ್ಲ, ಬೀಜ ಬಿತ್ತಿ ಬೆಳೆಯುವಂಥ ಕೊಯ್ಲು ಹೂವು (ಕಡ್ಡಿಸಹಿತ ಕೊಯ್ದು ಮಾರುವ ಹೂವು) ಮತ್ತು ಮಾಲೆಗೆ ಬೇಕಾಗುವ ಎಲೆಗಿಡಗಳಿಂದ ಲಾಭ ಕಾಣಬಹುದೇ ಎಂದು ಕೇಳಿದ್ದೀರಿ. ದೊಡ್ಡಬಳ್ಳಾಪುರದ ಕಡೆ ಹಲವು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿರುವುದರಿಂದ ಉತ್ತರಿಸುತ್ತಿದ್ದೇನೆ. ಕಾಣಬಹುದು. ಆದರೆ ಆ ಲಾಭ ನಿಮ್ಮ ಗೊಬ್ಬರಕ್ಕಿಂತ, ಔಷಧಕ್ಕಿಂತ ಹೆಚ್ಚಾಗಿ ಬೀಜವನ್ನು ಮಡಿಗೆ ಹಾಕಿದ ದಿನಾಂಕವನ್ನು ಅವಲಂಬಿಸಿರುತ್ತದೆ.

ಮೊದಲು ಬೆಳೆಯ ಆಯ್ಕೆ. ಗುಲಾಬಿ, ಜರ್ಬೆರಾ, ಕಾರ್ನೇಷನ್, ಸೇವಂತಿಗೆಗಳನ್ನು ವ್ಯಾಪಾರಕ್ಕಾಗಿ ಬೀಜದಿಂದ ಬೆಳೆಯುವುದಿಲ್ಲ. ಕಸಿ, ಕಡ್ಡಿ, ಬುಡದಲ್ಲಿ ಒಡೆಯುವ ಕಂದು ಅಥವಾ ಅಂಗಾಂಶ ಕೃಷಿಯ ಸಸಿಗಳೇ ಬೇಕು. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಹೋಗುವ ಮಾಲಿನ ಬಹುಪಾಲು ಈ ವರ್ಗದ್ದು, ಅದರಲ್ಲೂ ಪಾಲಿಹೌಸಿನದು. ಅವರೊಡನೆ ನೀವು ಪೈಪೋಟಿಗೆ ಇಳಿಯಬೇಕಾಗಿಲ್ಲ. ಬಯಲಿನಲ್ಲಿ ಬೀಜದಿಂದ ಬರುವ ಆಸ್ಟರ್, ಚೆಂಡುಹೂವು, ಜಿನಿಯಾ, ಕೋಳಿಜುಟ್ಟಿನ ಹೂವು, ಸೂರ್ಯಕಾಂತಿ, ಸ್ಟ್ಯಾಟಿಸ್ ಇವು ನಿಮ್ಮವು. ಎಲೆಯ ಪೈಕಿ ದವನ ನಿಮ್ಮದು. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಆಸ್ಟರ್ ಮತ್ತು ದವನ, ಇವೆರಡೇ ಸಾಕು. ಆಸ್ಟರ್ ಹೂವನ್ನು ಬಿಡಿಯಾಗಿ ಕಿತ್ತರೆ ಹಾರಕ್ಕೆ ಹೋಗುತ್ತದೆ, ಕಡ್ಡಿಸಹಿತ ಕೊಯ್ದರೆ ಬೊಕೆಗೂ ಹೂದಾನಿಗೂ ಹೋಗುತ್ತದೆ. ಒಂದು ಬಾಗಿಲು ಮುಚ್ಚಿದ ದಿನ ಇನ್ನೊಂದು ತೆರೆದಿರುವ ಬೆಳೆಗಳು ಹೆಚ್ಚಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಆಸ್ಟರ್ ತಳಿಗಳಲ್ಲಿ ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ, ಶಶಾಂಕ್ ಕೆನೆಬಿಳಿ, ವಯೊಲೆಟ್ ಕುಶನ್ ನೇರಳೆ. ಇವು ಹೈಬ್ರಿಡ್ ಅಲ್ಲದ ಕಾರಣ ಒಳ್ಳೆಯ ಗಿಡಗಳನ್ನು ಗುರುತು ಮಾಡಿ, ಹೂವನ್ನು ಗಿಡದಲ್ಲೇ ಒಣಗಲು ಬಿಟ್ಟು, ಮುಂದಿನ ಬೆಳೆಗೆ ಬೀಜ ಮಾಡಿಕೊಳ್ಳಬಹುದು. ಬಣ್ಣ ಬಣ್ಣದ ಸಾಲುಗಳು ಅಕ್ಕಪಕ್ಕದಲ್ಲಿದ್ದರೆ ಸ್ವಲ್ಪ ಬೆರಕೆಯಾಗುತ್ತದೆ. ಬೀಜಕ್ಕೆಂದು ಬಿಡುವ ಗಿಡಗಳನ್ನು ದೂರದ ಮೂಲೆಯಲ್ಲಿ ಇಡಿ.

ಆಸ್ಟರ್ ಬೀಜದ ಆಯುಸ್ಸು ಬಹಳ ಕಡಿಮೆ ಎಂಬುದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಮ್ಮೆ ಅಂಗಡಿಯೊಂದರಿಂದ ತಂದ ಬೀಜ ನೋಡಲು ಗಟ್ಟಿಯಾಗಿಯೇ ಇತ್ತು, ಆದರೆ ಹತ್ತು ದಿನ ಕಾದರೂ ಟ್ರೇಯಲ್ಲಿ ಕಾಲುಭಾಗದ ಕುಳಿಗಳೂ ಹಸಿರಾಗಲಿಲ್ಲ. ಹಳೆಯ ದಾಸ್ತಾನನ್ನು ಹೊಸ ಪೊಟ್ಟಣಕ್ಕೆ ತುಂಬಿದ್ದರು. ಅಂದಿನಿಂದ ಯಾವ ಬೀಜ ಬಂದರೂ ಎಣಿಸಿ ನೂರು ಕಾಳನ್ನು ಒದ್ದೆ ಹತ್ತಿಬಟ್ಟೆಯ ಮೇಲೆ ಹರಡಿ, ಸುತ್ತಿ, ಅಡುಗೆಮನೆಯ ನೆರಳಿನಲ್ಲಿ ಇಡುತ್ತೇನೆ. ಒಂದು ವಾರದ ಮೇಲೆ ಬಿಚ್ಚಿ ಮೊಳಕೆ ಎಣಿಸಿದರೆ ಎಷ್ಟು ಬೀಜ ಹಾಕಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಒಂದು ಗ್ರಾಂ ತೂಕಕ್ಕೆ ಸುಮಾರು 400 ಬೀಜಗಳಿರುತ್ತವೆ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಬಿಟ್ಟರೆ, ಓಡಾಡುವ ದಾರಿ ಕಳೆದು, ಹತ್ತು ಗುಂಟೆಗೆ ಸರಿಸುಮಾರು 9,000 ಸಸಿ ಬೇಕು. ನೂರಕ್ಕೆ ಅರವತ್ತು ಮೊಳೆಯುವ ಬೀಜವಾದರೆ, ಸಾಯುವ ಸಸಿಗಳನ್ನೂ ಲೆಕ್ಕಕ್ಕೆ ಹಿಡಿದು, 50 ಗ್ರಾಂ ಸಾಕು. ಅರ್ಧ ಎಕರೆಗೂ ಒಟ್ಟಿಗೇ ನಾಟಿ ಮಾಡುತ್ತೇನೆಂದು ಹೊರಡಬೇಡಿ. ಎಲ್ಲವೂ ಒಂದೇ ವಾರ ಅರಳಿದರೆ ಕೀಳಲು ಆಳೂ ಸಿಗುವುದಿಲ್ಲ, ಕೊಳ್ಳಲು ವ್ಯಾಪಾರಿಯೂ ಸಿಗುವುದಿಲ್ಲ.

ಈಗ ದಿನಾಂಕದ ಮಾತು. ನನ್ನ ಹೊಲದಲ್ಲಿ ಆಸ್ಟರ್ ಬೀಜ ಟ್ರೇಗೆ ಬಿದ್ದಂದಿನಿಂದ ಹೂವು ತುಂಬಿ ನಿಲ್ಲುವವರೆಗೆ ಸುಮಾರು 115 ದಿನ ಹಿಡಿಯುತ್ತದೆ: ಟ್ರೇಯಲ್ಲಿ ಒಂದು ತಿಂಗಳು, ಉಳಿದದ್ದು ಹೊಲದಲ್ಲಿ. 2022ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 5ಕ್ಕೆ ಬಂದಿತ್ತು. ಏಪ್ರಿಲ್ ಎರಡನೆಯ ವಾರ ಬಿತ್ತಿದ್ದೆ, ಹಬ್ಬದ ಹಿಂದಿನ ಎರಡು ದಿನ ಕೆ.ಆರ್. ಮಾರುಕಟ್ಟೆಯಲ್ಲಿ ನನ್ನ ಮೂಟೆಗಳು ಇಳಿಸಿದ ಕೂಡಲೇ ಖಾಲಿಯಾದವು. ಆ ಹುರುಪಿನಲ್ಲಿ ಮರುವರ್ಷವೂ ಅದೇ ವಾರ ಬಿತ್ತಿದೆ. ಪಂಚಾಂಗ ತೆರೆದು ನೋಡಬೇಕಿತ್ತು, ನೋಡಲಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದು ಹಬ್ಬ ಆಗಸ್ಟ್ 25ಕ್ಕೆ ಹೋಗಿತ್ತು. ನನ್ನ ಹೂವು ಜುಲೈ ಕೊನೆಯಲ್ಲೇ ಅರಳಿ, ಮದುವೆ ಮುಂಜಿ ಏನೂ ಇಲ್ಲದ ಅಧಿಕ ಮಾಸದಲ್ಲಿ ಮಾರುಕಟ್ಟೆಗೆ ಬಿತ್ತು. ಕೆಲವು ದಿನ ಬಂದ ಹಣ ಕೀಳುವ ಕೂಲಿಗೂ ಸಾಲಲಿಲ್ಲ. ಹಬ್ಬ ಬರುವ ಹೊತ್ತಿಗೆ ಗಿಡದಲ್ಲಿ ಉಳಿದಿದ್ದದ್ದು ಕೊನೆಯ ಸಣ್ಣ ಹೂವುಗಳು ಮಾತ್ರ. ನಮ್ಮ ತಾಯಿ, ಬೇಸಾಯಗಾರನ ಮನೆಯಲ್ಲಿ ಪಂಚಾಂಗ ಪೂಜೆಗೆ ಮಾತ್ರವೇ ಇರುವುದು ಎಂದು ಕೇಳಿದರು, ಉತ್ತರ ಕೊಡಲಾಗಲಿಲ್ಲ. 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8, ಹೀಗೆ ಒಂದೇ ಹಬ್ಬ ಹಿಂದೆ ಮುಂದೆ ಓಡಾಡುತ್ತಿರುವಾಗ ಹಬ್ಬದಿಂದ ಹಿಂದಕ್ಕೆ ಎಣಿಸುವುದೊಂದೇ ದಾರಿ. ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಗಳಿಗೂ ಇದೇ ಲೆಕ್ಕ. ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಹೂವು ತುಂಬಿ ಬರುವಂತೆ ಯಾವ ಮಡಿಯನ್ನೂ ಬಿತ್ತಬೇಡಿ. ನಾನೀಗ ಗುರಿಯ ದಿನದ ಆಚೆ ಈಚೆಗೆ ಹತ್ತು ದಿನಗಳ ಅಂತರ ಬಿಟ್ಟು ಮೂರು ಕಂತುಗಳಲ್ಲಿ ಬಿತ್ತುತ್ತೇನೆ, ಮಳೆ ಮೋಡಗಳು ಹೂವನ್ನು ತಡಮಾಡಿದರೂ ಒಂದು ಕಂತಾದರೂ ಸಿಕ್ಕುತ್ತದೆ.

ಸಸಿಯ ವಿಷಯದಲ್ಲಿ ಎರಡು ಮಾತು ಸಾಕು. 98 ಕುಳಿಗಳ ಪ್ರೋಟ್ರೇಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ) ಕೋಕೋಪೀಟ್, ಎಂದರೆ ತೆಂಗಿನ ನಾರಿನ ಪುಡಿ, ತುಂಬಿ, ಬೀಜವನ್ನು ತೆಳುವಾಗಿ ಮುಚ್ಚಿ, ನೆರಳು ಪರದೆಯ ಕೆಳಗೆ ಬೆಳಗ್ಗೆ ಮಾತ್ರ ನೀರು ಕೊಡಿ. ಸಂಜೆ ಒದ್ದೆಯಾಗಿ ಉಳಿದ ಟ್ರೇಯಲ್ಲೇ ಬುಡಕೊಳೆ ಶುರುವಾಗುವುದು. ಹೊಲದಲ್ಲಿ ಆಸ್ಟರಿಗೆ ದೊಡ್ಡ ಶತ್ರು ಸೊರಗು ರೋಗ, ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದೇ ತುಂಡಿನಲ್ಲಿ ಆಸ್ಟರ್ ಮೇಲೆ ಆಸ್ಟರ್ ಹಾಕದೆ ರಾಗಿ, ಮುಸುಕಿನ ಜೋಳ ಅಥವಾ ಚೆಂಡುಹೂವನ್ನು ನಡುವೆ ತನ್ನಿ. ಈ ಕಾರಣಕ್ಕೂ ನಿಮ್ಮ ಅರ್ಧ ಎಕರೆಯನ್ನು ನಾಲ್ಕು ತುಂಡು ಮಾಡಿಕೊಳ್ಳಿ.

ಎಲೆಯ ವಿಷಯಕ್ಕೆ ಬಂದರೆ, ಬೊಕೆಗೆ ಹಾಕುವ ಆಸ್ಪರಾಗಸ್ ಬೀಜದಿಂದ ಬಂದರೂ ಮೊಳೆಯಲು ವಾರಗಟ್ಟಲೆ, ಕೊಯ್ಲಿಗೆ ವರ್ಷದ ಮೇಲೆ ಕಾಯಿಸುತ್ತದೆ; ಅವಸರದವರಿಗಲ್ಲ. ದವನ ಹಾಗಲ್ಲ. ಚಳಿ ಬೀಳುವ ಹೊತ್ತಿಗೆ, ಎಂದರೆ ನವೆಂಬರಿನಲ್ಲಿ, ಸಸಿಮಡಿಗೆ ಹಾಕಿದರೆ ಫೆಬ್ರವರಿ, ಮಾರ್ಚಿನಲ್ಲಿ ಕೈಗೆ ಬರುತ್ತದೆ, ಚೈತ್ರದ ದವನದ ಹುಣ್ಣಿಮೆಯವರೆಗೂ ಬೇಡಿಕೆ ಇರುತ್ತದೆ. ಬೀಜ ಹೊಗೆಸೊಪ್ಪಿನ ನಶ್ಯದಂತೆ ಸಣ್ಣದು. ಬಟ್ಟೆಯಲ್ಲಿ ಕಟ್ಟಿ, ನೆನೆಸಿ, ಎರಡು ದಿನ ಬೆಚ್ಚಗೆ ಇಟ್ಟು, ಬಿಳಿಯ ಮೊಳಕೆ ಇಣುಕಿದಾಗ ನುಣ್ಣನೆಯ ಮರಳಿನೊಂದಿಗೆ ಬೆರೆಸಿ ಮಡಿಯ ಮೇಲೆ ಉದುರಿಸಬೇಕು. ಮರಳು ಬೆರೆಸದಿದ್ದರೆ ಒಂದೇ ಕಡೆ ಮುದ್ದೆಯಾಗಿ ಬೀಳುತ್ತದೆ. ಮೇಲೆ ಜರಡಿ ಹಿಡಿದ ಮರಳಿನ ತೆಳು ಪದರ, ಸಣ್ಣ ತೂತಿನ ಪೂವಾಳಿಯಲ್ಲಿ ನೀರು. ಆರೇಳು ವಾರಕ್ಕೆ ಸಸಿ ಒಂದು ಗೇಣಿನ ಅರ್ಧದಷ್ಟಾದಾಗ ಒತ್ತೊತ್ತಾಗಿ ನಾಟಿ ಮಾಡುತ್ತೇವೆ. ಹೋದ ವರ್ಷದ ಬೀಜವನ್ನು ನಂಬಬೇಡಿ. ಎಣ್ಣೆ ತೆಗೆಯುವವರು ಹೂವು ಬರಲೆಂದು ಕಾಯುತ್ತಾರೆ, ಹಾರ ಕಟ್ಟುವವರಿಗೆ ಎಳೆಯದೇ ಬೇಕು. ಯಾರಿಗೆ ಮಾರುತ್ತೀರೆಂಬುದನ್ನು ನಾಟಿಗೆ ಮುಂಚೆ ತೀರ್ಮಾನಿಸಿಕೊಳ್ಳಿ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದರೆ ಸೊಪ್ಪು ಕಪ್ಪಾಗಿ ಕೆಡುತ್ತದೆ, ಅದಕ್ಕೆ ಮದ್ದಿಲ್ಲ.

ಮಾರಾಟದಲ್ಲಿ ದರಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಬೆಳಗಿನ ನಾಲ್ಕು ಗಂಟೆಗೆ ಇದ್ದ ದರ ಎಂಟು ಗಂಟೆಗೆ ಇರುವುದಿಲ್ಲ. ಬಿಡಿ ಹೂವು ಮಂಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ, ದವನ ಕಟ್ಟಿನ ಲೆಕ್ಕದಲ್ಲಿ ಹೋಗುತ್ತದೆ, ಕಮಿಷನ್ ಮತ್ತು ಟೆಂಪೋ ಬಾಡಿಗೆ ಮುರಿದುಕೊಂಡು ಚೀಟಿ ಕೊಡುತ್ತಾರೆ. ಬಿತ್ತುವ ಮುಂಚೆ ಒಂದು ವಾರ ಮಂಡಿಯಲ್ಲಿ ನಿಂತು ನೋಡಿ. ಕಡ್ಡಿಹೂವಿಗೆ ಮಂಡಿಗಿಂತ ನಿಮ್ಮ ತಾಲ್ಲೂಕಿನ ಬೊಕೆ ಅಂಗಡಿಗಳು, ಮಂಟಪ ಅಲಂಕಾರದವರು ಮೇಲು. ಅವರಿಗೆ ವಾರಕ್ಕೆ ಇಷ್ಟು ಕಟ್ಟು ಎಂದು ಮಾತು ಕೊಟ್ಟು ತಪ್ಪದೆ ತಲುಪಿಸಿದರೆ ದರ ಏರಿಳಿಯುವುದಿಲ್ಲ. ಅಂಥವರಿಗೆಂದೇ ನಾನು ಪರಾಗ ಉದುರದ ಸೂರ್ಯಕಾಂತಿ ತಳಿಯನ್ನು ಹತ್ತು ದಿನಕ್ಕೊಂದು ಸಾಲು ನೇರ ಹೊಲಕ್ಕೇ ಬಿತ್ತುತ್ತೇನೆ; ಎರಡು ತಿಂಗಳಿಗೆ ಬರುತ್ತದೆ, ಎಸಳು ಮೇಲೇಳುವಾಗಲೇ ಕೊಯ್ಯಬೇಕು. ಜಿನಿಯಾವನ್ನು ಕೊಯ್ಯುವ ಮುನ್ನ ಹೂವಿನಿಂದ ಒಂದು ಗೇಣು ಕೆಳಗೆ ಕಡ್ಡಿ ಹಿಡಿದು ಅಲ್ಲಾಡಿಸಿ: ಕತ್ತು ತೂಗಾಡಿದರೆ ಇನ್ನೂ ಬಲಿತಿಲ್ಲ, ಸೆಟೆದು ನಿಂತರೆ ಕತ್ತರಿ ಹಾಕಿ. ಯಾವ ಕಡ್ಡಿಯನ್ನೇ ಆಗಲಿ ಬಿಸಿಲೇರುವ ಮುಂಚೆ ಕೊಯ್ದು, ಕೆಳಗಿನ ಎಲೆ ಸವರಿ, ಹೊಲದಲ್ಲೇ ಬಕೆಟ್ಟಿನ ನೀರಿಗೆ ಇಳಿಸಿ.

ಕೆಲಸ ಬಿಟ್ಟು ಬರಲೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಈ ವರ್ಷ ಬಿಡಬೇಡಿ. ಹತ್ತು ಗುಂಟೆ ಆಸ್ಟರನ್ನು ಮುಂದಿನ ವರಮಹಾಲಕ್ಷ್ಮಿಗೆ ಎಣಿಸಿ ಬಿತ್ತಿ, ನವೆಂಬರಿನಲ್ಲಿ ಎರಡು ಗುಂಟೆ ದವನ ಹಾಕಿ, ಮಂಡಿಯ ಚೀಟಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಡಿ. ಆಳಿನ ಕೂಲಿಯ ಜೊತೆಗೆ ನಿಮ್ಮ ಮನೆಯವರು ಕಿತ್ತ ಹೂವಿನ ಕೂಲಿಯನ್ನೂ ಖರ್ಚಿಗೆ ಬರೆಯಿರಿ. ಅದನ್ನು ಬರೆಯದ ಲೆಕ್ಕದಲ್ಲಿ ಲಾಭವೆಂದು ಕಾಣುವುದು ಬಹುಪಾಲು ನಮ್ಮದೇ ಮನೆಯ ಹೆಂಗಸರ ದುಡಿಮೆ.