ಪೇಟೆಗೆ ಬಂದವರು, ಪೇಟೆ ಬಿಟ್ಟವರು

ಪ್ರಿಯ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಬೆಂಗಳೂರಿನ ಹಳೆ ಪೇಟೆಯ ಕಬ್ಬನ್‌ಪೇಟೆಯಲ್ಲಿ ಹುಟ್ಟಿ ಬೆಳೆದವರು ನೀವು. ಮೂವತ್ತು ವರ್ಷದಿಂದ ರಾಜಾಜಿನಗರದಲ್ಲಿದ್ದೀರಿ. ಹೋದ ತಿಂಗಳು ಹಳೆ ಬೀದಿಗೆ ಹೋದಾಗ ನಾಲ್ಕು ಗಲ್ಲಿ ಸುತ್ತಿದರೂ ಒಂದು ಮಗ್ಗದ ಸದ್ದು ಕೇಳಲಿಲ್ಲ, ಕನ್ನಡದಲ್ಲಿ ದಾರಿ ಹೇಳುವವರೂ ಸಿಗಲಿಲ್ಲ ಎಂದು ಬರೆದಿದ್ದೀರಿ. "ಹೊರಗಿನವರು ಬಂದು ನಮ್ಮ ಪೇಟೆಯನ್ನು ನುಂಗಿದರು. ನಿಮ್ಮ ಪತ್ರಿಕೆ ಇದನ್ನು ಯಾಕೆ ಬರೆಯುವುದಿಲ್ಲ?" ಎಂದು ಕೇಳಿದ್ದೀರಿ.

ಮಗ್ಗಗಳು ನಿಂತದ್ದನ್ನು ನಾವು ಬರೆಯಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ "ಹೊರಗಿನವರು" ಎಂಬ ಮಾತಿಗೆ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ. ಪೇಟೆಯಲ್ಲಿ ಒಳಗಿನವರು ಯಾರು ಅಂತ ಹೇಳುವುದು ಅಷ್ಟು ಸುಲಭವಲ್ಲ.

1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ ಪೇಟೆ ಶುರುಮಾಡಿದರು ಎಂದು ಚರಿತ್ರೆ ಹೇಳುತ್ತದೆ. ಬಳೇಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಹೆಸರುಗಳನ್ನೇ ನೋಡಿ, ಎಲ್ಲವೂ ಸರಕು ಮತ್ತು ಕಸುಬಿನ ಹೆಸರು. ಕಸುಬು ಬಲ್ಲವರು ಬೇರೆ ಊರುಗಳಿಂದ ಬಂದು ನೆಲೆ ನಿಂತ ಜಾಗ ಇದು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರನ್ನು ಗೆದ್ದ. ಊರು ಶಿವಾಜಿಯ ತಂದೆ ಶಹಾಜಿಯ ಜಹಗೀರಾಯಿತು, ಮರಾಠಿ ಮಾತು ಪೇಟೆಯೊಳಗೆ ಬಂತು. 1687ರಲ್ಲಿ ಮೊಗಲರು ಹಿಡಿದರು. ಅವರಿಂದ 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಪಡೆದುಕೊಂಡರು. ಇಷ್ಟು ಕೈ ಬದಲಾದರೂ ಪೇಟೆಯ ಕಸುಬು ನಿಲ್ಲಲಿಲ್ಲ.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೀಮೆಯನ್ನು ಸಮೀಕ್ಷೆ ಮಾಡುತ್ತಾ ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದಾಗ ಪೇಟೆಯ ನೇಕಾರರನ್ನು ಒಂದೊಂದು ಪಂಗಡವಾಗಿ ವಿಚಾರಿಸಿ ಬರೆದುಕೊಂಡ. ಖತ್ರಿಗಳು, ಪಟವೇಗಾರರು, ದೇವಾಂಗದವರು. ಟಿಪ್ಪು ತನ್ನ ಕಾಲದಲ್ಲಿ ಆರ್ಕಾಟ್ ಮತ್ತು ಹೈದರಾಬಾದ್ ಸೀಮೆಯ ಜೊತೆ ವ್ಯಾಪಾರ ನಿಲ್ಲಿಸಿದ್ದರಿಂದ ಪೇಟೆಗೆ ಎಷ್ಟು ಪೆಟ್ಟು ಬಿತ್ತು ಎಂಬುದೂ ಅವನ ಬರಹದಲ್ಲಿದೆ. ಈ ನೇಕಾರರಲ್ಲಿ ಎಷ್ಟೋ ಮಂದಿಯ ಮನೆಮಾತು ಕನ್ನಡವಲ್ಲ. ನಿಮ್ಮ ಅಜ್ಜಿ ಅಡುಗೆಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು ಎಂದು ನೀವೇ ಬರೆದಿದ್ದೀರಿ, ಅಲ್ವಾ? ಆ ಸಾಲು ನನಗೆ ಬಹಳ ಇಷ್ಟವಾಯಿತು. ಅಜ್ಜಿಯ ಹಿರಿಯರೂ ಒಂದು ದಿನ ಮೂಟೆ ಹೊತ್ತು ಇದೇ ಬೀದಿಗೆ ಬಂದವರು. ತಿಗಳರಪೇಟೆಯ ಧರ್ಮರಾಯನ ಕರಗ ಇವತ್ತಿಗೂ ಅರಳೆಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿ ಬರುತ್ತದೆ. ಪೇಟೆಯಲ್ಲಿ ಹೀಗೆಯೇ ಎಲ್ಲರೂ ಎಲ್ಲರ ಮನೆ ಬಾಗಿಲು ಬಲ್ಲವರಾಗಿದ್ದರು.

ಹಾಗಾದರೆ ಈಗ ಬದಲಾಗಿದ್ದು ಏನು? ಪತ್ರ ಓದಿದ ಮೇಲೆ ಎರಡು ಸಂಜೆ ಕಬ್ಬನ್‌ಪೇಟೆ, ನಗರ್ತಪೇಟೆಯಲ್ಲಿ ಓಡಾಡಿದೆ. ನನಗೆ ಕಂಡದ್ದು ಹೇಳುತ್ತೇನೆ.

ಹಿಂದೆ ಬಂದವರು ಸಂಸಾರದ ಜೊತೆ ಬಂದರು. ದೇವರ ಪೆಟ್ಟಿಗೆಯೂ ಜೊತೆಗಿತ್ತು. ಮನೆಯೊಳಗೇ ಮಗ್ಗ ಹೂಡಿದರು, ಕೆಳಗೆ ಅಂಗಡಿ ಇಟ್ಟು ಮೇಲೆ ಬಾಳಿದರು. ಈಗ ನಗರ್ತಪೇಟೆಯ ಒಡವೆ ಕೆಲಸದ ಕೋಣೆಗಳಲ್ಲಿ ಕೂತಿರುವವರು ಬಂಗಾಳದ ಹುಡುಗರು. ಕಾಳಿಕಾಂಬಾ ಕಮಠೇಶ್ವರ ದೇವಸ್ಥಾನ ಇರುವ ಪೇಟೆ ಅದು. ನಮ್ಮ ಅಕ್ಕಸಾಲಿಗರ ಕಾಳಮ್ಮನ ಬೀದಿಗೆ ಕಾಳಿಯ ನಾಡಿನಿಂದಲೇ ಅಕ್ಕಸಾಲಿಗರು ಬಂದಿದ್ದಾರೆ. ನಾನು ಹೋದ ಕೋಣೆಯಲ್ಲಿ ಏಳು ಜನ ಇದ್ದರು. ಗಿಡ್ಡ ಮೇಜಿನ ಮುಂದೆ ಬಗ್ಗಿ ಕೂತು ಕೂದಲಿನಷ್ಟು ಸಣ್ಣ ತಂತಿಯನ್ನು ಬೆಸೆಯುತ್ತಿದ್ದರು. ಕೆಲಸ ಮುಗಿದ ಮೇಲೆ ನೆಲದ ಧೂಳನ್ನು ಗುಡಿಸಿ ಡಬ್ಬಿಗೆ ತುಂಬಿದರು, ಅದರಲ್ಲಿ ಚಿನ್ನದ ಪುಡಿ ಇರುತ್ತದೆ. ಆಮೇಲೆ ಅದೇ ನೆಲದಲ್ಲಿ ಚಾಪೆ ಹಾಸಿದರು. ಹೆಂಡತಿ ಮಕ್ಕಳು ಊರಲ್ಲಿ. ವರ್ಷಕ್ಕೊಮ್ಮೆ ದುರ್ಗಾ ಪೂಜೆಗೆ ಹೋಗಿ ಬರುತ್ತಾರೆ.

ಒಬ್ಬ ಹುಡುಗ ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತಂತೆ. ಕನ್ನಡ ಬರುವುದಿಲ್ಲ. ಮೊದಲು ನನಗೂ ಬೇಜಾರಾಯಿತು. ಆದರೆ ಅವನು ಕನ್ನಡ ಎಲ್ಲಿ ಕಲಿಯಬೇಕು ಹೇಳಿ? ಮಗು ಸ್ಕೂಲಿಗೆ ಹೋದರೆ ಭಾಷೆ ಮನೆಗೆ ಬರುತ್ತದೆ. ನಲ್ಲಿ ಹತ್ತಿರ, ರೇಷನ್ ಅಂಗಡಿಯಲ್ಲಿ, ಪಕ್ಕದ ಮನೆಯ ಅರಿಶಿನ ಕುಂಕುಮದಲ್ಲಿ ಬರುತ್ತದೆ. ನಿಮ್ಮ ಅಜ್ಜಿಗೂ ಹೀಗೇ ಬಂದಿರಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿದು ಅಲ್ಲೇ ಮಲಗುವವನಿಗೆ ನೆರೆಹೊರೆಯೇ ಇಲ್ಲ.

ನೆರೆಹೊರೆ ಯಾಕಿಲ್ಲ? ಮನೆಗಳು ಖಾಲಿಯಾದವು. 1898ರಲ್ಲಿ ಪ್ಲೇಗ್ ಬಂದಾಗಲೇ ಇದು ಶುರು. ಅನುಕೂಲ ಇದ್ದವರು ಮಲ್ಲೇಶ್ವರ, ಬಸವನಗುಡಿಗೆ ಹೋದರು. ಆಮೇಲೆ ಅಣ್ಣ ತಮ್ಮಂದಿರ ಪಾಲು, ಹತ್ತಡಿ ಅಗಲದ ಮನೆ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಮಕ್ಕಳ ಓದು. ಮಗ್ಗಗಳು ದೊಡ್ಡಬಳ್ಳಾಪುರ, ಯಲಹಂಕದ ಕಡೆ ಹೋದವು. ನೀವೂ ಹೋದಿರಿ. ತಪ್ಪು ಅಂತ ಹೇಳುತ್ತಿಲ್ಲ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಬಿಟ್ಟುಹೋದ ಮನೆಗಳು ಮತ್ತೆ ಮನೆಗಳಾಗಲಿಲ್ಲ. ಸಂಸಾರಕ್ಕೆ ಬಾಡಿಗೆಗೆ ಕೊಡುವುದಕ್ಕಿಂತ ಗೋದಾಮಿಗೆ ಕೊಟ್ಟರೆ ದುಡ್ಡು ಜಾಸ್ತಿ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂದಿತು. ಜನ ಬಂದು ಹೋಗುವುದು ಸುಲಭವಾಯಿತು, ಇರುವುದಲ್ಲ.

ಸಂಸಾರದ ಜೊತೆ ಬಂದವರ ಕಥೆಯೂ ಇದೆ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಐದು ಜನ ತೀರಿಕೊಂಡರು. ಅವರಲ್ಲಿ ನಾಲ್ವರು ರಾಜಸ್ಥಾನದ ಒಂದೇ ಮನೆಯವರು, ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಕೆಳಗೆ ಸರಕು, ಮೇಲೆ ಸಂಸಾರ. ನಿಮ್ಮ ಅಜ್ಜನ ಹಾಗೆಯೇ ಬಾಳಲು ಬಂದವರು ಅವರು. ಸರಕಿನ ನಡುವೆ ಮಕ್ಕಳು ಮಲಗುವ ಹಾಗೆ ಬಿಟ್ಟ ಊರಿನ ಮೇಲೆ ನನಗೆ ಸಿಟ್ಟಿದೆ. ಪತ್ರಿಕೆಯಲ್ಲಿ ಬರೆಯುವುದಾದರೆ ಮೊದಲು ಇದನ್ನೇ ಬರೆಯುತ್ತೇವೆ. ಮಗ್ಗಗಳ ಕಥೆಯನ್ನೂ ಬರೆಯುತ್ತೇವೆ, ಅದಕ್ಕೆ ನಿಮ್ಮ ನೆನಪುಗಳು ಬೇಕು.

ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ಅಜ್ಜ ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿ ಇತ್ತು, ಅದು ಈಗ ಏನಾಗಿದೆಯೋ ಎಂದು ಕೇಳಿದ್ದಿರಿ. ನಾನು ನೋಡಿದ ಕೋಣೆಯ ಮೂಲೆಯಲ್ಲಿ, ಕಡಪಾ ಕಲ್ಲಿನ ನೆಲದ ನಡುವೆ, ಒಂದು ಚೌಕದಲ್ಲಿ ಮಾತ್ರ ಸಿಮೆಂಟು ಬಳಿದಿತ್ತು. ಅದು ಏನು ಅಂತ ಆ ಹುಡುಗರಿಗೆ ಗೊತ್ತಿರಲಿಲ್ಲ. ಮಗ್ಗದ ಗುಂಡಿ ಮುಚ್ಚಿದ ಗುರುತು ಇರಬೇಕು ಎಂದೆ. ಒಂಬತ್ತು ವರ್ಷದಿಂದ ಅಲ್ಲಿ ಮಲಗುವ ಹುಡುಗ ಬಗ್ಗಿ ಅದರ ಮೇಲೆ ಕೈಯಾಡಿಸಿ ನೋಡಿದ. ಅದು ಯಾರ ಮನೆಯಾಗಿತ್ತೋ ನನಗೆ ತಿಳಿಯದು. ನಿಮ್ಮ ಹಳೆ ಮನೆ ಕಬ್ಬನ್‌ಪೇಟೆಯ ಯಾವ ಗಲ್ಲಿಯಲ್ಲಿತ್ತು ಎಂದು ಬರೆದು ಕಳಿಸಿ. ಒಂದು ಭಾನುವಾರ ಇಬ್ಬರೂ ಹೋಗೋಣ.

— ಸಂಪಾದಕ