ದಡ ಮುಟ್ಟಿದ ಮೇಲೆ ಇನ್ನೂ ಅರ್ಧ ಕಾವ್ಯವಿದೆ

ನಮಸ್ಕಾರ.

‘ಒಡಿಸ್ಸಿ: ಕಡಲ ಮೇಲೊಬ್ಬ ವೀರ’ ಎಂಬ ನಿಮ್ಮ ಲೇಖನ ತಲುಪಿತು. ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ವೀಕೃತವಾಗಿಲ್ಲ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಟ್ರಾಯ್ ಯುದ್ಧ ಮುಗಿಸಿ ಊರಿಗೆ ಮರಳುವ ಒಡಿಸಿಯಸ್‌ನ ಕಥೆ ಹೇಳುವ, ಗ್ರೀಕ್ ಕವಿ ಹೋಮರನ ಈ ಕಾವ್ಯವನ್ನು ಕೊನೆಯವರೆಗೆ ಓದಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಡುವವರು ಕಡಿಮೆ. ನಿಮಗೆ ಆ ಹುಮ್ಮಸ್ಸಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ, ನೇರವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ 14 ಪುಟಗಳಲ್ಲಿ ಜಾಸ್ತಿ ಭಾಗ ಸಮುದ್ರದ ಮೇಲೇ ಕಳೆಯುತ್ತದೆ. ಒಕ್ಕಣ್ಣ ದೈತ್ಯ ಪಾಲಿಫೀಮಸ್, ಗಂಡಸರನ್ನು ಹಂದಿ ಮಾಡುವ ಸರ್ಸಿ, ಹಾಡಿನಿಂದ ನಾವಿಕರನ್ನು ಸೆಳೆಯುವ ಸೈರನ್‌ಗಳು, ಆರು ತಲೆಯ ಸಿಲ್ಲ, ಎಲ್ಲರೂ ಸಾಲಾಗಿ ಬಂದು ಹೋಗುತ್ತಾರೆ. ಒಡಿಸಿಯಸ್ ತನ್ನ ಊರಾದ ಇಥಾಕದ ದಡ ಮುಟ್ಟುತ್ತಾನೆ. ಆಮೇಲೆ ಒಂದೇ ಪ್ಯಾರಾದಲ್ಲಿ ‘ಶತ್ರುಗಳನ್ನು ಕೊಂದು ಹೆಂಡತಿಯನ್ನು ಸೇರಿದನು’ ಅಂತ ಮುಗಿಸಿದ್ದೀರಿ. ಕಾವ್ಯದಲ್ಲಿರುವುದು 24 ಸರ್ಗ. ಅವನು ಇಥಾಕಕ್ಕೆ ಬಂದಿಳಿಯುವುದು 13ನೆಯದರಲ್ಲಿ. ಅಂದರೆ ಹತ್ತಿರ ಹತ್ತಿರ ಅರ್ಧ ಕಾವ್ಯ ನಡೆಯುವುದು ಊರು ಸೇರಿದ ಮೇಲೆ. ಊರಿಗೆ ಬಂದವನನ್ನು ಹೋಮರ್ ಯಾಕೆ ಇಷ್ಟು ಹೊತ್ತು ಮನೆಯ ಹೊರಗೇ ನಿಲ್ಲಿಸುತ್ತಾನೆ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು. ಅದನ್ನೇ ಕೇಳಿಲ್ಲ.

ತಿದ್ದಬೇಕಾದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ‘20 ವರ್ಷ ಕಡಲಲ್ಲಿ ಅಲೆದ’ ಅಂತ ಬರೆದಿದ್ದೀರಿ. ಮೊದಲ 10 ವರ್ಷ ಟ್ರಾಯ್ ಯುದ್ಧಕ್ಕೆ ಹೋಯಿತು. ಉಳಿದ 10ರಲ್ಲಿ 7 ವರ್ಷ ಅವನನ್ನು ತಡೆದಿಟ್ಟುಕೊಂಡ ಅಪ್ಸರೆ ಕ್ಯಾಲಿಪ್ಸೊಳ ದ್ವೀಪದಲ್ಲಿ, 1 ವರ್ಷ ಸರ್ಸಿಯ ಮನೆಯಲ್ಲಿ. ಅಲೆದಾಟಕ್ಕೆ ಉಳಿಯುವುದು ಸುಮಾರು ಎರಡು ವರ್ಷ. ಸೈರನ್‌ಗಳನ್ನು ಮೀನಿನ ಬಾಲದ ಸುಂದರಿಯರು ಅಂದಿದ್ದೀರಿ. ಅವರ ಮೈ ಹೇಗಿತ್ತು ಅಂತ ಹೋಮರ್ ಹೇಳುವುದೇ ಇಲ್ಲ. ಹಳೆಯ ಗ್ರೀಕ್ ಮಡಕೆಗಳ ಮೇಲೆ ಅವರಿಗೆ ಹಕ್ಕಿಯ ಮೈ, ಹೆಣ್ಣಿನ ಮುಖ. ಅವರು ಒಡಿಸಿಯಸ್‌ಗೆ ಒಡ್ಡುವ ಆಸೆಯೂ ರೂಪದ್ದಲ್ಲ. ‘ಟ್ರಾಯ್‌ನಲ್ಲಿ ನೀವು ಪಟ್ಟಿದ್ದೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲ ಗೊತ್ತು, ಬಾ, ಕೇಳಿ ತಿಳಿದುಕೊಂಡು ಹೋಗು’ ಎನ್ನುವ ಕರೆ ಅದು.

ಸೈನಿಕರನ್ನು ಒಳಗೆ ಬಚ್ಚಿಟ್ಟು ಟ್ರಾಯ್ ಗೆದ್ದ ಮರದ ಕುದುರೆಯ ಕಥೆ ಹೋಮರನ ಇನ್ನೊಂದು ಕಾವ್ಯವಾದ ಇಲಿಯಡ್‌ನಲ್ಲಿದೆ ಅಂತಲೂ ಬರೆದಿದ್ದೀರಿ. ಇಲಿಯಡ್ ಟ್ರಾಯ್‌ನ ವೀರ ಹೆಕ್ಟರನ ಅಂತ್ಯಕ್ರಿಯೆಗೇ ಮುಗಿದುಹೋಗುತ್ತದೆ. ಕುದುರೆ ಬರುವುದು ನೀವು ಓದಿದ ಈ ಕಾವ್ಯದಲ್ಲೇ. 8ನೇ ಸರ್ಗದಲ್ಲಿ ಡೆಮೊಡೋಕಸ್ ಎಂಬ ಕುರುಡ ಹಾಡುಗಾರ ಅದನ್ನು ಹಾಡುತ್ತಾನೆ. ತಾನು ಯಾರೆಂದು ಇನ್ನೂ ಹೇಳದ ಒಡಿಸಿಯಸ್ ಕೂತು ಕೇಳುತ್ತ ಅಳುತ್ತಾನೆ. ಯಾರ ಹಾಗೆ? ಊರನ್ನು ಕಾಯುತ್ತ ಬಿದ್ದ ಗಂಡನನ್ನು ತಬ್ಬಿಕೊಂಡು ಗೋಳಾಡುವ ಹೆಂಗಸಿನ ಹಾಗೆ. ಹಿಂದಿನಿಂದ ಶತ್ರುಗಳು ಈಟಿಯಿಂದ ತಿವಿಯುತ್ತ ಅವಳನ್ನು ದಾಸಿಯಾಗಿ ಎಳೆದುಕೊಂಡು ಹೋಗುತ್ತಾರೆ. ಟ್ರಾಯ್‌ನ ಹೆಂಗಸರಿಗೆ ಆ ಗತಿ ತಂದವರಲ್ಲಿ ಇವನೇ ಮುಂದಾಳು. ಗೆದ್ದವನ ಅಳುವನ್ನು ತೋರಿಸಲು ಕವಿ ಸೋತವಳ ಅಳುವನ್ನು ತರುತ್ತಾನೆ. ಇಂಥ ಜಾಗ ಕಣ್ಣಿಗೆ ಬೀಳದೆ ಹೋಯಿತು ಅನ್ನುವುದೇ ನನ್ನ ದೊಡ್ಡ ದೂರು.

ಇನ್ನೊಂದು ವಿಷಯ. ದೈತ್ಯರು, ಮಾಟಗಾತಿಯರು ಬರುವ 9ರಿಂದ 12ರವರೆಗಿನ ಸರ್ಗಗಳನ್ನು ಹೋಮರ್ ತಾನಾಗಿ ಹೇಳುವುದಿಲ್ಲ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟ ಫಿಯೇಷಿಯನ್ನರ ಅರಮನೆಯಲ್ಲಿ ಊಟವಾದ ಮೇಲೆ ಒಡಿಸಿಯಸ್ ಬಾಯಲ್ಲೇ ಹೇಳಿಸುತ್ತಾನೆ. ಅವನಿಗೆ ಅಲ್ಲಿಂದ ಊರಿಗೆ ಹೋಗಲು ಹಡಗು ಬೇಕು. ಅವನ ಮಾತಿಗೆ ಹೌದು ಅನ್ನಲು ಒಬ್ಬ ಸಂಗಡಿಗನೂ ಬದುಕಿಲ್ಲ. ಪಾಲಿಫೀಮಸನ ಕಣ್ಣು ಹೋದದ್ದನ್ನು ಮೊದಲ ಸರ್ಗದಲ್ಲೇ ದೇವತೆಗಳ ರಾಜ ಜ್ಯೂಸ್ ಹೇಳುತ್ತಾನೆ, ಹಾಗಾಗಿ ಎಲ್ಲವೂ ಕಟ್ಟುಕಥೆ ಅನ್ನಲಾಗದು. ಆದರೆ ಇದೇ ಮನುಷ್ಯ ಇಥಾಕದಲ್ಲಿ ಇಳಿದ ಕೂಡಲೇ ಅಥೀನಾ ದೇವಿಗೇ ಸುಳ್ಳು ಹೇಳುತ್ತಾನೆ. ಹಂದಿ ಕಾಯುವ ಯೂಮಿಯಸ್‌ಗೆ, ಹೆಂಡತಿ ಪೆನೆಲೊಪಿಗೆ, ಕೊನೆಗೆ ಮುದಿ ಅಪ್ಪನಿಗೂ ಹೇಳುತ್ತಾನೆ. ನೀವು ಕಡಲಿನ ಕಥೆಗಳನ್ನು ‘ಒಡಿಸಿಯಸ್ ಹೀಗೆ ಮಾಡಿದನು’ ಅಂತ ಬರೆಯುತ್ತ ಹೋಗಿದ್ದೀರಿ. ‘ಹೀಗೆ ಮಾಡಿದೆನೆಂದು ಹೇಳುತ್ತಾನೆ’ ಅಂತ ಒಮ್ಮೆ ಬರೆದು ನೋಡಿ. ಲೇಖನದ ಧಾಟಿಯೇ ಬದಲಾಗುತ್ತದೆ.

ಈಗ ನೀವು ಬಿಟ್ಟ ಅರ್ಧದಿಂದ ಒಂದು ದೃಶ್ಯ. 19ನೇ ಸರ್ಗ. ಒಡಿಸಿಯಸ್ ಭಿಕ್ಷುಕನ ವೇಷದಲ್ಲಿ ತನ್ನದೇ ಮನೆಯಲ್ಲಿ ಕೂತಿದ್ದಾನೆ. ಅವನನ್ನು ಎತ್ತಿ ಆಡಿಸಿದ ಮುದುಕಿ ಯೂರಿಕ್ಲಿಯ ಅವನ ಕಾಲು ತೊಳೆಯಲು ಬರುತ್ತಾಳೆ. ಅವನು ಒಲೆಯಿಂದ ಸರಿದು ಕತ್ತಲಿನ ಕಡೆ ತಿರುಗುತ್ತಾನೆ, ಮಂಡಿಯ ಮೇಲಿನ ಗಾಯದ ಕಲೆ ಅವಳಿಗೆ ಸಿಕ್ಕರೆ ಕಷ್ಟ ಅಂತ. ಆ ಕಲೆ ಅವಳ ಕೈಗೆ ಸಿಕ್ಕೇಬಿಡುತ್ತದೆ. ಇಲ್ಲಿ ಹೋಮರ್ ಕಥೆ ನಿಲ್ಲಿಸುತ್ತಾನೆ. ಹುಡುಗ ಒಡಿಸಿಯಸ್, ಅವನಿಗೆ ಹೆಸರಿಟ್ಟ ಅಜ್ಜ, ಪರ್ನಾಸಸ್ ಬೆಟ್ಟದ ಬೇಟೆ, ಕಾಡುಹಂದಿಯ ಕೋರೆ, ಎಲ್ಲವನ್ನೂ ನಿಧಾನವಾಗಿ ಹೇಳುತ್ತಾನೆ. ಆಮೇಲೆ ವಾಪಸ್ ಬರುತ್ತಾನೆ. ಕಾಲು ಅವಳ ಕೈಯಿಂದ ಜಾರಿ ಕಂಚಿನ ಪಾತ್ರೆಗೆ ಬೀಳುತ್ತದೆ. ಪಾತ್ರೆ ಸದ್ದು ಮಾಡಿ ವಾಲುತ್ತದೆ, ನೀರು ನೆಲಕ್ಕೆ ಚೆಲ್ಲುತ್ತದೆ. ಅವಳಿಗೆ ಖುಷಿ, ಸಂಕಟ ಎರಡೂ ಒಟ್ಟಿಗೆ. ‘ಮಗೂ, ನೀನೇ ಒಡಿಸಿಯಸ್’ ಅನ್ನುತ್ತಾಳೆ. ಅವನು ಬಲಗೈಯಲ್ಲಿ ಅವಳ ಕತ್ತು ಹಿಡಿಯುತ್ತಾನೆ. ತನಗೆ ಮೊಲೆಯೂಡಿಸಿದವಳನ್ನು, ಬಾಯಿಬಿಟ್ಟರೆ ಕೊಲ್ಲುತ್ತೇನೆ ಅಂತ ಹೆದರಿಸುತ್ತಾನೆ.

ಇದು ಮನೆ ಸೇರುವ ಬಗೆ. ಗುರುತು ಸಿಗಬೇಕು, ಆದರೆ ಈಗಲೇ ಸಿಗಬಾರದು. ಮನೆ ತುಂಬ ಪೆನೆಲೊಪಿಯನ್ನು ಮದುವೆಯಾಗಲು ಬಂದು ಕೂತವರಿದ್ದಾರೆ, ಒಟ್ಟು 108 ಜನ. ಈ ಅರ್ಧ ಕಾವ್ಯದ ಉದ್ದಕ್ಕೂ ಅವನನ್ನು ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಗುರುತು ಹಿಡಿಯುತ್ತಾರೆ. ಮೈಗೆಲ್ಲ ಉಣ್ಣಿ ಹತ್ತಿ ತಿಪ್ಪೆಯ ಮೇಲೆ ಮಲಗಿದ ಮುದಿ ನಾಯಿ ಆರ್ಗಸ್ ಅವನ ದನಿಗೆ ಬಾಲ ಅಲ್ಲಾಡಿಸಿ, ಕಿವಿ ಇಳಿಬಿಟ್ಟು, ಅಲ್ಲೇ ಸಾಯುತ್ತದೆ. ಪೆನೆಲೊಪಿ, ಬೇರು ಬಿಟ್ಟ ಆಲಿವ್ ಮರದಲ್ಲೇ ಕೆತ್ತಿದ ಮಂಚವನ್ನು ಹೊರಗೆ ತಂದು ಹಾಕಿ ಅಂತ ಹೇಳಿ ಅವನನ್ನು ಪರೀಕ್ಷಿಸುತ್ತಾಳೆ. ಅಪ್ಪ ಲೇರ್ಟೀಸ್‌ಗೆ ಗಾಯದ ಕಲೆಯ ಜೊತೆಗೆ, ಚಿಕ್ಕವನಿದ್ದಾಗ ಅಪ್ಪ ಕೊಟ್ಟ ಮರಗಳನ್ನೂ ಎಣಿಸಿ ಹೇಳುತ್ತಾನೆ: 13 ಪೇರ್, 10 ಸೇಬು, 40 ಅಂಜೂರ, ದ್ರಾಕ್ಷಿಯ 50 ಸಾಲು. ಇದರಲ್ಲಿ ಯಾವುದಾದರೂ ಎರಡನ್ನು ಹಿಡಿದು ಬರೆದರೂ ನಿಮ್ಮ ಲೇಖನಕ್ಕೆ ಜೀವ ಬರುತ್ತದೆ.

ದಾಸಿಯರ ಕೊಲೆಯನ್ನು ಬಿಟ್ಟಿದ್ದು ಬೇಕಂತಲೇ ಅಂತ ನನಗನ್ನಿಸಿತು. 22ನೇ ಸರ್ಗದಲ್ಲಿ, ಮದುವೆಯಾಗಲು ಬಂದವರನ್ನೆಲ್ಲ ಕೊಂದ ಮೇಲೆ, ಅವರ ಜೊತೆ ಮಲಗಿದ್ದ 12 ದಾಸಿಯರಿಂದ ಹೆಣ ಹೊರಿಸಿ, ರಕ್ತ ತೊಳೆಸಿ, ಆಮೇಲೆ ಅವರನ್ನೇ ನೇಣಿಗೆ ಹಾಕುತ್ತಾರೆ. ಹಾಕುವವನು ಮಗ ಟೆಲಿಮಾಕಸ್. ಅವರ ಕಾಲು ಸ್ವಲ್ಪ ಹೊತ್ತು ಒದ್ದಾಡಿತು, ಬಹಳ ಹೊತ್ತಲ್ಲ ಅಂತ ಕವಿ ಬರೆಯುತ್ತಾನೆ. ವೀರನನ್ನು ಹೊಗಳುವ ಲೇಖನದಲ್ಲಿ ಇದಕ್ಕೆ ಜಾಗ ಇರಲಿಲ್ಲ, ಅಲ್ವಾ? ಹಾಗಾದರೆ ಹೊಗಳಿಕೆಯನ್ನು ಕಡಿಮೆ ಮಾಡಿ. ಕವಿಯೇ ಮರೆಮಾಚದ್ದನ್ನು ನಾವು ಮರೆಮಾಚಬಾರದು.

ಬೆಳಗಾಯಿತು ಅನ್ನಲು ಹೋಮರ್ ಬಳಸುವ ‘ಗುಲಾಬಿ ಬೆರಳಿನ ಉಷೆ’ ಎಂಬ ಮಾತು ಪದೇ ಪದೇ ಬಂದು ಬೇಸರವಾಯಿತು ಅಂದಿದ್ದೀರಿ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಯುಗೊಸ್ಲಾವಿಯಾಕ್ಕೆ ಹೋಗಿ, ಬಾಯಲ್ಲೇ ಕಾವ್ಯ ಕಟ್ಟುವ ಹಾಡುಗಾರರನ್ನು ರೆಕಾರ್ಡ್ ಮಾಡಿಕೊಂಡ. ಸಿದ್ಧ ನುಡಿಗಟ್ಟುಗಳ ಬಲದಿಂದಲೇ ಅವರು ಸಾವಿರಾರು ಸಾಲು ಹಾಡುತ್ತಿದ್ದರು. ಹೋಮರನ ಕಾವ್ಯವೂ ಅಂಥ ಹಾಡಿನ ಪರಂಪರೆಯಿಂದಲೇ ಬಂದದ್ದು. ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವುದನ್ನು ಒಂದು ರಾತ್ರಿ ಕೂತು ಕೇಳಿ. ಮತ್ತೆ ಮತ್ತೆ ಬರುವ ಸಾಲು ಕೇಳುವವರಿಗೆ ಹೇಗೆ ಆಸರೆಯಾಗುತ್ತದೆ ಅಂತ ಗೊತ್ತಾಗುತ್ತದೆ. ನೀವು ಮಾಡಿರುವ ರಾಮನ ಜೊತೆಗಿನ ಹೋಲಿಕೆ ಬೇಡ. ಯಾರು ಹೆಚ್ಚು ಆದರ್ಶ ಅಂತ ಅಂಕ ಕೊಡುವುದರಿಂದ ಎರಡು ಕಾವ್ಯಗಳಲ್ಲಿ ಒಂದೂ ಅರ್ಥವಾಗುವುದಿಲ್ಲ.

ನಿಮ್ಮ 9ನೇ ಪುಟದಲ್ಲಿ ಟೆಲಿಮಾಕಸ್ ಬಗ್ಗೆ ಒಂದು ಸಾಲಿದೆ: ‘ಅಪ್ಪ ಸತ್ತಿದ್ದರೆ ತಿಥಿ ಮಾಡಬಹುದಿತ್ತು, ಬದುಕಿದ್ದರೆ ಕಾಯಬಹುದಿತ್ತು, ಎರಡೂ ಗೊತ್ತಿಲ್ಲದ ಹುಡುಗ ಏನು ಮಾಡಬೇಕು?’ ಇಡೀ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಇದು. ಮೊದಲ ಸರ್ಗದಲ್ಲಿ ಅವನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ: ಅಪ್ಪ ಟ್ರಾಯ್‌ನಲ್ಲೇ ಸತ್ತಿದ್ದರೆ ಸಮಾಧಿಯಾದರೂ ಇರುತ್ತಿತ್ತು, ಇಷ್ಟು ನೋವಾಗುತ್ತಿರಲಿಲ್ಲ ಅಂತ. ನೀವು ಅದನ್ನು ನಿಮ್ಮ ಮಾತಿನಲ್ಲಿ ಹಿಡಿದಿದ್ದೀರಿ. ಹೊಸ ಲೇಖನವನ್ನು ಅಲ್ಲಿಂದಲೇ ಶುರು ಮಾಡಿ. ಹೋಮರ್ ಕೂಡ ಮಗನಿಂದಲೇ ಶುರು ಮಾಡುತ್ತಾನೆ. ಒಡಿಸಿಯಸ್ ನಮ್ಮ ಕಣ್ಣಿಗೆ ಬೀಳುವುದೇ 5ನೇ ಸರ್ಗದಲ್ಲಿ, ಕ್ಯಾಲಿಪ್ಸೊಳ ದ್ವೀಪದ ದಡದಲ್ಲಿ ಕೂತು ಅಳುತ್ತ.

13ರಿಂದ 24ರವರೆಗೆ ಇನ್ನೊಮ್ಮೆ ಓದಿ, ಈ ಸಲ ನಿಧಾನವಾಗಿ. 14 ಪುಟ ಬೇಡ, 8 ಸಾಕು. ನೀವು ಓದಿದ್ದು ಯಾರ ಅನುವಾದ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿ. ಹೆಸರುಗಳನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ, ಈಗ ಪೆನೆಲೊಪಿಗೇ ಮೂರು ಕಾಗುಣಿತಗಳಿವೆ. ನೇರ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ