ರೋಸೆನ್‌ಸ್ಟಾಕ್-ಹ್ಯೂಸಿಯನ್ನು ಕ್ರೈಸ್ತರಲ್ಲದವರೂ ಓದಬೇಕೇ?

ಖಂಡಿತ ಓದಬೇಕು. ಕ್ರೈಸ್ತ ಚಿಂತಕ ಎಂಬ ಕಾರಣಕ್ಕೆ ನೀವು ಹಿಂಜರಿಯುತ್ತಿರುವುದು ಅರ್ಥವಾಗುತ್ತದೆ. ಯೂಜೆನ್ ರೋಸೆನ್‌ಸ್ಟಾಕ್-ಹ್ಯೂಸಿ (1888–1973) ಬರ್ಲಿನ್ನಿನ ಯಹೂದಿ ಮನೆತನದಲ್ಲಿ ಹುಟ್ಟಿ, ಹರೆಯದಲ್ಲೇ ಕ್ರೈಸ್ತರಾದವರು. ಆ ನಂಬಿಕೆ ಅವರ ಬರವಣಿಗೆಯ ಉದ್ದಕ್ಕೂ ಇದೆ, ನಿಜ. ಆದರೆ ಮಾತಿನ ಬಗ್ಗೆ ಅವರು ಕಂಡುಕೊಂಡದ್ದು ನನ್ನಂಥ ಹೊರಗಿನವನಿಗೂ ನೇರವಾಗಿ ತಾಗಿತು.

ಮಗು 'ನಾನು' ಅನ್ನುವುದಕ್ಕೆ ಎಷ್ಟೋ ಮೊದಲು ಯಾರೋ ಅದನ್ನು ಹೆಸರು ಹಿಡಿದು ಕರೆದಿರುತ್ತಾರೆ, 'ಬಾ', 'ನೋಡಿಲ್ಲಿ' ಅಂದಿರುತ್ತಾರೆ. ಕರೆ ಮೊದಲು, ಓಗೊಡುವುದು ಆಮೇಲೆ. 'ನಾನು' ಹುಟ್ಟುವುದು ಅದರಿಂದ. ಹಾಗಾಗಿ 'ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ' ಎಂಬ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟನ ಸೂತ್ರವನ್ನು ಅವರು ಒಪ್ಪಲಿಲ್ಲ. ಅದರ ಜಾಗದಲ್ಲಿ 'ನಾನೇ ಬದಲಾಗಬೇಕಾಗಿ ಬಂದರೂ ಉತ್ತರಿಸುತ್ತೇನೆ' ಎಂಬ ಮಾತನ್ನಿಟ್ಟರು. ಸಮಾಜದ ಕಾಯಿಲೆಗಳನ್ನೂ ಅವರು ಹೀಗೇ ನೋಡಿದರು: ವೈರಿಯ ಮಾತಿಗೆ ಕಿವಿ ಮುಚ್ಚಿಕೊಂಡಾಗ ಯುದ್ಧ, ನಮ್ಮವರೊಂದಿಗೇ ಮಾತು ನಿಂತಾಗ ಬಿಕ್ಕಟ್ಟು.

ಇದು ಓದುವ ಕೋಣೆಯಲ್ಲಿ ಕೂತು ಕಟ್ಟಿದ ಸಿದ್ಧಾಂತವಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕ ಅಧಿಕಾರಿಯಾಗಿ ಫ್ರಾನ್ಸಿನ ವರ್ಡನ್ ರಣರಂಗವನ್ನು ಕಂಡವರು ಅವರು. 1916ರಲ್ಲಿ, ಯಹೂದಿಯಾಗಿಯೇ ಉಳಿದ ಗೆಳೆಯ ಫ್ರಾಂಜ್ ರೋಸೆನ್‌ಜ್ವೈಗ್ ಜೊತೆ ಪತ್ರಗಳಲ್ಲಿ ಧರ್ಮದ ಬಗ್ಗೆ ಬಿರುಸಾಗಿ ಜಗಳವಾಡಿದರು. ಇಬ್ಬರೂ ಆಗ ಸೈನ್ಯದಲ್ಲಿದ್ದರು. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ನಗರದಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದಾಗ, 1920ರ ದಶಕದ ಕೊನೆಗೆ, ಅದೇ ಸೈಲೀಷಿಯಾ ಪ್ರಾಂತ್ಯದಲ್ಲಿ ಸ್ವಯಂಪ್ರೇರಿತ ಶ್ರಮಶಿಬಿರಗಳನ್ನು ನಡೆಸಲು ನೆರವಾದರು. ಒಬ್ಬರ ಮುಖ ಒಬ್ಬರು ನೋಡದ ಕಾರ್ಮಿಕರು, ರೈತರು, ವಿದ್ಯಾರ್ಥಿಗಳು ಅಲ್ಲಿ ಒಟ್ಟಿಗೆ ಮೈಮುರಿದು ದುಡಿದು, ಒಟ್ಟಿಗೆ ಕೂತು ಚರ್ಚಿಸುತ್ತಿದ್ದರು. ಆ ಶಿಬಿರಗಳಲ್ಲಿ ತೊಡಗಿದ್ದ ಹೆಲ್ಮುತ್ ಫಾನ್ ಮೋಲ್ಟ್‌ಕೆ ಮುಂದೆ ಹಿಟ್ಲರನ ವಿರೋಧಿಗಳನ್ನು ಒಗ್ಗೂಡಿಸಿದ. 1945ರ ಜನವರಿಯಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು. ರೋಸೆನ್‌ಸ್ಟಾಕ್-ಹ್ಯೂಸಿ 1933ರಲ್ಲೇ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ, ಡಾರ್ಟ್‌ಮತ್ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಮಾಡಿದರು.

ಇತಿಹಾಸದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. 1938ರ 'ಔಟ್ ಆಫ್ ರೆವಲ್ಯೂಷನ್' ಗ್ರಂಥದಲ್ಲಿ ಹನ್ನೊಂದನೇ ಶತಮಾನದ ಪೋಪರ ಕ್ರಾಂತಿಯಿಂದ (ಚರ್ಚನ್ನು ಅರಸರ ಹಿಡಿತದಿಂದ ಬಿಡಿಸಲು ಪೋಪರು ನಡೆಸಿದ ಹೋರಾಟ) ಹಿಡಿದು 1917ರ ರಷ್ಯಾದವರೆಗೆ ಎಲ್ಲವನ್ನೂ ಒಂದೇ ಸರಪಳಿಯಾಗಿ ಪೋಣಿಸುತ್ತಾರೆ. ಒಂದೊಂದು ದೇಶದ ಸ್ವಭಾವವೂ ಅದರದರ ಕ್ರಾಂತಿಯಲ್ಲಿ ರೂಪುಗೊಂಡಿತು ಎಂಬ ಒಳನೋಟ ಅದ್ಭುತ. ಆದರೆ ಭಾರತ, ಚೀನಾಗಳನ್ನು ಆ ಸರಪಳಿಗೆ ಎಷ್ಟು ಎಳೆದಾಡಿದರೂ ಸೇರಿಸಲಾಗದು.

ಆ ಗ್ರಂಥ ದಪ್ಪಗಿದೆ. ಮೊದಲ ಪುಟದಿಂದ ಶುರುಮಾಡಬೇಡಿ. ಡೆಕಾರ್ಟನಿಗೆ ವಿದಾಯ ಹೇಳುವ ಕೊನೆಯ ಅಧ್ಯಾಯವನ್ನು ಮೊದಲು ಓದಿ, ಆಮೇಲೆ 1970ರ 'ಸ್ಪೀಚ್ ಅಂಡ್ ರಿಯಾಲಿಟಿ' ಹಿಡಿಯಿರಿ.